ಕಾವೇರಿದ ಎಂಜಿನ್: ಚಾಲಕರು ಮತ್ತು ಮೆಕ್ಯಾನಿಕ್‌ಗಳ ವೃತ್ತಿಜ್ಞಾನದ ಒಂದು ಅಧ್ಯಯನ

ಪ್ರವೇಶ

ಜಾನಪದವೆಂದೊಡನೆ ಹಾಡು, ಕಥೆ, ಕುಣಿತ, ಆಚರಣೆಗಳೇ ನೆನಪಿಗೆ ಬರುವುದು ಸಹಜ. 1846ರಲ್ಲಿ ಇಂಗ್ಲೆಂಡಿನ ವಿಲಿಯಂ ಜಾನ್ ಥಾಮ್ಸ್ ‘ಫೋಕ್‌ಲೋರ್’ ಎಂಬ ಪದವನ್ನು ಟಂಕಿಸಿದಾಗ ಅವನ ಗಮನವಿದ್ದುದು ಮರೆಯಾಗುತ್ತಿದ್ದ ಹಳೆಯ ನಡೆನುಡಿಗಳ ಮೇಲೆ. ಯಂತ್ರವು ಆ ನಡೆನುಡಿಗಳನ್ನು ಅಳಿಸುವ ಶಕ್ತಿಯೆಂದೇ ಬಹುಕಾಲ ಭಾವಿಸಲಾಗಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಭಾವನೆ ಬದಲಾಯಿತು. ಅಮೆರಿಕದ ಆರ್ಚಿ ಗ್ರೀನ್ ಗಣಿ ಕಾರ್ಮಿಕರ ಹಾಡುಗಳನ್ನೂ ರಾಬರ್ಟ್ ಮೆಕ್‌ಕಾರ್ಲ್ ಅಗ್ನಿಶಾಮಕ ದಳದವರ ಕೆಲಸದ ಕ್ರಮವನ್ನೂ ಅಧ್ಯಯನಕ್ಕೆ ಎತ್ತಿಕೊಂಡು, ಯಂತ್ರದ ಸುತ್ತಲೂ ಜನಪದ ಜ್ಞಾನ ಬೆಳೆಯುತ್ತದೆ ಎಂಬುದನ್ನು ತೋರಿಸಿಕೊಟ್ಟರು. ಕನ್ನಡದಲ್ಲಿಯೂ ಕುಂಬಾರಿಕೆ, ನೇಕಾರಿಕೆ, ಬೇಸಾಯಗಳ ವೃತ್ತಿಪದಗಳ ಸಂಗ್ರಹ ನಡೆದಿದೆ. ಆದರೆ ಹೆದ್ದಾರಿಯ ಬದಿಯ ಗ್ಯಾರೇಜು, ಟ್ಯಾಕ್ಸಿ ನಿಲ್ದಾಣ, ಲಾರಿಯ ಕ್ಯಾಬಿನ್ನುಗಳಲ್ಲಿ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಸಾಗಿಬಂದ ತಿಳಿವಳಿಕೆ ಅಷ್ಟಾಗಿ ದಾಖಲೆಗೆ ಒಳಪಟ್ಟಿಲ್ಲ.

ಈ ತಿಳಿವಳಿಕೆಯ ಒಂದು ತುಣುಕನ್ನು, ಎಂದರೆ ಎಂಜಿನ್ ಮಿತಿಮೀರಿ ಕಾಯುವುದು, ಅದರ ಕಾರಣವನ್ನು ಗುರುತಿಸುವುದು, ಅದಕ್ಕೆ ಉಪಚಾರ ಮಾಡುವುದು ಇವಿಷ್ಟನ್ನು ಇಲ್ಲಿ ಪರಿಶೀಲಿಸಲಾಗಿದೆ. ಕರ್ನಾಟಕದ ಭೂರಚನೆಯೇ ಈ ವಿಷಯಕ್ಕೆ ಮಹತ್ವ ತಂದುಕೊಟ್ಟಿದೆ. ಕರಾವಳಿಯಿಂದ ಮಲೆನಾಡಿಗೆ ಏರುವ ಶಿರಾಡಿ, ಚಾರ್ಮಾಡಿ, ಆಗುಂಬೆ, ಹುಲಿಕಲ್, ದೇವಿಮನೆ, ಅರಬೈಲು ಘಾಟಿಗಳು ಒಂದು ಕಡೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನ ಬಯಲು ಮತ್ತೊಂದು ಕಡೆ. ವಾಹನ ತೆವಳುವ ಬೆಂಗಳೂರಿನ ರಸ್ತೆಗಳು ಇನ್ನೊಂದು ಕಡೆ. ಈ ಮೂರೂ ಎಂಜಿನ್ನನ್ನು ಮೂರು ಬಗೆಯಲ್ಲಿ ಕಾಯಿಸುತ್ತವೆ. ಸಾಲ ಮಾಡಿ ಕೊಂಡ ಒಂದು ಟ್ಯಾಕ್ಸಿಯ ಎಂಜಿನ್ ಹತ್ತು ನಿಮಿಷದ ಅಲಕ್ಷ್ಯದಿಂದ ಹಾಳಾದರೆ ಕುಟುಂಬವೊಂದರ ಅನೇಕ ತಿಂಗಳ ದುಡಿಮೆ ಹೋದಂತೆಯೇ. ಹೀಗಾಗಿ ಈ ಜ್ಞಾನ ಕೇವಲ ಕುತೂಹಲದ ವಸ್ತುವಲ್ಲ. ಅದರಲ್ಲಿ ಯಾವುದು ಇಂದಿಗೂ ಸರಿ, ಯಾವುದು ತನ್ನ ಕಾಲ ಮುಗಿಸಿದೆ ಎಂಬ ವಿವೇಚನೆಯೂ ಅಗತ್ಯ.

ತಂಪು ವ್ಯವಸ್ಥೆಯ ರಚನೆ

ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಾಖವೆಲ್ಲ ಚಕ್ರಗಳಿಗೆ ತಲುಪುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ ಸುಮಾರು ಮೂರನೆಯ ಒಂದು ಪಾಲು ಕೆಲಸವಾಗಿ ಪರಿಣಮಿಸುತ್ತದೆ, ಇನ್ನೊಂದು ಪಾಲು ಹೊಗೆಯೊಡನೆ ಹೊರಹೋಗುತ್ತದೆ, ಉಳಿದ ಪಾಲನ್ನು ತಂಪು ವ್ಯವಸ್ಥೆ ಹೊರಹಾಕಬೇಕಾಗುತ್ತದೆ. ಸಿಲಿಂಡರುಗಳ ಸುತ್ತಲಿನ ಟೊಳ್ಳುಗಳಲ್ಲಿ ಹರಿಯುವ ನೀರು ಅಥವಾ ಕೂಲೆಂಟ್ ಈ ಶಾಖವನ್ನು ಹೀರಿಕೊಳ್ಳುತ್ತದೆ. ವಾಟರ್ ಪಂಪು ಅದನ್ನು ತಳ್ಳುತ್ತದೆ. ಮೇಲಿನ ಹೋಸ್ ಪೈಪಿನ ಮೂಲಕ ರೇಡಿಯೇಟರಿಗೆ ಬಂದ ಬಿಸಿ ದ್ರವ ಅದರ ಸಣ್ಣ ಕೊಳವೆಗಳಲ್ಲಿ ಹರಿಯುತ್ತ ಗಾಳಿಗೆ ಶಾಖವನ್ನು ಬಿಟ್ಟುಕೊಟ್ಟು, ಕೆಳಗಿನ ಹೋಸ್ ಮೂಲಕ ಮತ್ತೆ ಎಂಜಿನ್ನಿಗೆ ಹಿಂದಿರುಗುತ್ತದೆ. ವಾಹನ ಓಡುವಾಗ ಗಾಳಿ ತಾನಾಗಿ ಬೀಸುತ್ತದೆ. ನಿಂತಾಗ ಅಥವಾ ನಿಧಾನವಾಗಿ ಚಲಿಸುವಾಗ ಆ ಕೆಲಸವನ್ನು ಫ್ಯಾನು ಮಾಡುತ್ತದೆ.

ಈ ಸುತ್ತಿನಲ್ಲಿ ಎರಡು ಸಣ್ಣ ಭಾಗಗಳಿಗೆ ವಿಶೇಷ ಪಾತ್ರವಿದೆ. ಮೊದಲನೆಯದು ಥರ್ಮೋಸ್ಟಾಟ್. ಇದರೊಳಗಿನ ಮೇಣ ಬಿಸಿಗೆ ಕರಗಿ ಹಿಗ್ಗಿದಾಗ ಒಂದು ಕವಾಟ ತೆರೆಯುತ್ತದೆ. ಬಹುಪಾಲು ಕಾರುಗಳಲ್ಲಿ ಇದು 80ರಿಂದ 90 ಡಿಗ್ರಿಯ ಆಸುಪಾಸಿನಲ್ಲಿ ತೆರೆದುಕೊಳ್ಳುತ್ತದೆ. ಅಲ್ಲಿಯವರೆಗೆ ದ್ರವವು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತ ಅದನ್ನು ಬೇಗ ಕಾಯಿಸುತ್ತದೆ. ಎಂಜಿನ್ನಿಗೆ ಕಾವು ಬೇಡವೆಂದಲ್ಲ, ಹದವಾದ ಕಾವು ಬೇಕು ಎಂಬುದೇ ಇದರ ತತ್ವ. ಎರಡನೆಯದು ರೇಡಿಯೇಟರಿನ ಮುಚ್ಚಳ. ಇದನ್ನು ಅಡುಗೆಮನೆಯ ಪ್ರೆಷರ್ ಕುಕ್ಕರಿನ ಮುಚ್ಚಳಕ್ಕೆ ಹೋಲಿಸಬಹುದು. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97 ಡಿಗ್ರಿಗೇ ಕುದಿಯುತ್ತದೆ. ಆದರೆ ಮುಚ್ಚಳದ ಸ್ಪ್ರಿಂಗು ಸುಮಾರು 1 ಬಾರ್‌ನಷ್ಟು ಅಧಿಕ ಒತ್ತಡವನ್ನು ತಡೆದಿಟ್ಟುಕೊಂಡರೆ ಅದೇ ನೀರು 120 ಡಿಗ್ರಿಯ ಹತ್ತಿರದವರೆಗೂ ಕುದಿಯದೆ ಉಳಿಯುತ್ತದೆ. ಕೂಲೆಂಟ್ ಬೆರೆತಿದ್ದರೆ ಕುದಿಬಿಂದು ಇನ್ನೂ ಮೇಲೇರುತ್ತದೆ. ಸ್ಪ್ರಿಂಗು ಸಡಿಲವಾದ ಮುಚ್ಚಳ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಆದರೆ ಎಂಜಿನ್ ಘಾಟಿ ಏರುವಾಗ ನೀರು ಅಕಾಲದಲ್ಲಿ ಕುದಿದು ಹೊರಚೆಲ್ಲುತ್ತದೆ.

ನಿದಾನದ ಕ್ರಮ: ಕಾವು ಏರುವ ಹೊತ್ತು ಮತ್ತು ಜಾಗ

ನಾಟಿವೈದ್ಯರು ರೋಗಿಯನ್ನು ಮುಟ್ಟುವ ಮೊದಲೇ ‘ನೋವು ಯಾವ ಹೊತ್ತಿನಲ್ಲಿ?’ ಎಂದು ಕೇಳುವುದುಂಟು. ಅನುಭವಿ ಮೆಕ್ಯಾನಿಕ್‌ನ ಮೊದಲ ಪ್ರಶ್ನೆಯೂ ಇದೇ ಜಾತಿಯದು. ಬಾನೆಟ್ ಎತ್ತುವ ಮೊದಲು ಅವನು ಕೇಳುವುದು, ‘ಎಲ್ಲಿ ಹೀಟ್ ಆಯಿತು? ನಿಂತಾಗಲೋ, ಓಡುವಾಗಲೋ, ಏರಿನಲ್ಲೋ?’ ಈ ಪ್ರಶ್ನೆಯ ಹಿಂದೆ ಒಂದು ಖಚಿತವಾದ ವರ್ಗೀಕರಣವಿದೆ.

1. ಸಿಗ್ನಲಿನಲ್ಲಿ ನಿಂತಾಗ ಕಾವು ಏರಿ, ರಸ್ತೆ ತೆರವಾಗಿ ಓಡತೊಡಗಿದೊಡನೆ ಇಳಿದರೆ ದೋಷ ಗಾಳಿಯದು, ಹೆಚ್ಚಾಗಿ ಫ್ಯಾನಿನದು. ಹಳೆಯ ವಾಹನಗಳಲ್ಲಿ ಬೆಲ್ಟು ಸಡಿಲವಾಗಿ ಜಾರುತ್ತಿರಬಹುದು. ವಿದ್ಯುತ್ ಫ್ಯಾನಿದ್ದರೆ ಅದರ ಮೋಟಾರು, ಫ್ಯೂಸು, ರಿಲೇ ಅಥವಾ ತಾಪವನ್ನು ಅರಿತು ಫ್ಯಾನನ್ನು ಚಾಲೂ ಮಾಡುವ ಸ್ವಿಚ್ಚು ಇವುಗಳಲ್ಲೊಂದು ಕೆಟ್ಟಿರಬಹುದು.

2. ಹೆದ್ದಾರಿಯ ವೇಗದಲ್ಲಿ ಅಥವಾ ಏರಿನಲ್ಲಿ ಮಾತ್ರ ಕಾವು ಏರಿದರೆ ಗಾಳಿಗಿಂತ ಹೆಚ್ಚಾಗಿ ನೀರಿನ ಹರಿವನ್ನು ಶಂಕಿಸಬೇಕು. ರೇಡಿಯೇಟರಿನ ಕೊಳವೆಗಳು ಒಳಗೆ ಕಟ್ಟಿಕೊಂಡಿರಬಹುದು, ಪಂಪಿನ ರೆಕ್ಕೆಗಳು ಸವೆದಿರಬಹುದು, ಕೆಳಗಿನ ಹೋಸ್ ಮೆತ್ತಗಾಗಿ ಎಳೆತಕ್ಕೆ ಒಳಕುಸಿಯುತ್ತಿರಬಹುದು. ರೇಡಿಯೇಟರಿನ ಹೊರಮೈಯಲ್ಲಿ ಕೆಸರು, ಕೀಟ, ಹೊಟ್ಟು ತುಂಬಿದ್ದರೂ ಇದೇ ಲಕ್ಷಣ ಕಾಣಬಹುದು. ಒಕ್ಕಣೆಯ ಕಾಲದಲ್ಲಿ ರಸ್ತೆಯ ಮೇಲೆ ಹರಡಿದ ಹುಲ್ಲು ಹೊಟ್ಟಿನ ಮೇಲೆ ಓಡಿದ ವಾಹನಗಳಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ.

3. ಎಂಜಿನ್ ಹಚ್ಚಿದ ಕೆಲವೇ ನಿಮಿಷಗಳಲ್ಲಿ ಕಾವು ಏರಿದರೆ ಥರ್ಮೋಸ್ಟಾಟ್ ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿರಬಹುದು, ನೀರು ಕಡಿಮೆಯಾಗಿರಬಹುದು, ಇಲ್ಲವೇ ಇತ್ತೀಚೆಗೆ ನೀರು ಬದಲಿಸಿದಾಗ ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು.

4. ಎಲ್ಲಿಯೂ ಹನಿ ಕಾಣದಿದ್ದರೂ ದಿನದಿನವೂ ನೀರು ಕಡಿಮೆಯಾಗುತ್ತಿದ್ದರೆ, ವೃತ್ತಿಯವರ ಮಾತಿನಲ್ಲಿ ‘ಗಾಡಿ ನೀರು ಕುಡಿಯುತ್ತಿದೆ’. ಸಿಲಿಂಡರ್ ಹೆಡ್ಡಿಗೂ ಬ್ಲಾಕಿಗೂ ನಡುವೆ ಇರುವ ಗ್ಯಾಸ್ಕೆಟ್ ಹಾಳಾಗಿ ನೀರು ಉರಿಯುವ ಕೋಣೆಗೆ ಸೇರುತ್ತಿರಬಹುದು ಎಂಬುದು ಇದರ ಅರ್ಥ.

ಈ ವರ್ಗೀಕರಣದ ಹೊರಗೆ ನಿಲ್ಲುವ ಕಾರಣಗಳೂ ಇವೆ. ಬಿಡದೆ ಹಿಡಿದುಕೊಂಡ ಬ್ರೇಕು, ಜಾರುವ ಕ್ಲಚ್ಚು, ತಪ್ಪಿದ ಇಗ್ನಿಷನ್ ಟೈಮಿಂಗ್ ಇವು ಎಂಜಿನ್ನಿನ ಮೇಲೆ ಅನಗತ್ಯ ಹೊರೆ ಹೇರಿ ಕಾಯಿಸುತ್ತವೆ. ಘಾಟಿಯಲ್ಲಿ ಗೇರು ಕೆಳಗಿಳಿಸಿ ಎಂಜಿನ್ ಜೋರಾಗಿ ತಿರುಗುವಾಗ ವಾಹನದ ವೇಗ ಮಾತ್ರ ಕಡಿಮೆಯಿರುತ್ತದೆ; ಅದರ ಮೇಲೆ ಬೆನ್ನಗಾಳಿ ಬೀಸಿದರೆ ರೇಡಿಯೇಟರಿಗೆ ಸಿಗುವ ಗಾಳಿ ಇನ್ನೂ ಕುಗ್ಗುತ್ತದೆ. ಹದಿನಾಲ್ಕು ತಿರುವುಗಳ ಆಗುಂಬೆಯಂಥ ಏರಿನಲ್ಲಿ ಸಣ್ಣ ದೋಷವೂ ದೊಡ್ಡದಾಗಿ ಪ್ರಕಟವಾಗುವುದು ಇದರಿಂದಲೇ.

ಇಂದ್ರಿಯಗಳ ಸಾಕ್ಷ್ಯ

ವಾಹನ ವಿದ್ಯೆಯ ಜನಪದ ಮುಖ ಸ್ಪಷ್ಟವಾಗಿ ಗೋಚರಿಸುವುದು ಇಂದ್ರಿಯಗಳ ಬಳಕೆಯಲ್ಲಿ. ಮೇಲಿನ ಹೋಸ್ ಕೈ ಇಡಲಾಗದಷ್ಟು ಬಿಸಿ, ಕೆಳಗಿನದು ತಣ್ಣಗೆ ಎಂದಾದರೆ ನೀರು ನಡುವೆ ಎಲ್ಲೋ ನಿಂತಿದೆ: ರೇಡಿಯೇಟರ್ ಕಟ್ಟಿದೆ ಅಥವಾ ಪಂಪು ದೂಡುತ್ತಿಲ್ಲ. ಎಂಜಿನ್ ಕುದಿಯುವಷ್ಟು ಕಾದಿದ್ದರೂ ಮೇಲಿನ ಹೋಸೇ ಬಿಸಿಯಾಗಿಲ್ಲದಿದ್ದರೆ ಥರ್ಮೋಸ್ಟಾಟನ್ನು ಶಂಕಿಸಬೇಕು. ಪಂಪಿನ ಕೆಳಗಿನ ಸಣ್ಣ ರಂಧ್ರದಿಂದ ಹನಿ ಬೀಳುತ್ತಿದ್ದರೆ ಅದರ ಒಳಸೀಲು ಸವೆದಿದೆ. ಹೋಸಿನ ಜೋಡಣೆಯಲ್ಲಿ ಬಿಳಿಯ ಅಥವಾ ಹಸಿರು ಬಣ್ಣದ ಕರೆ ಕಟ್ಟಿದ್ದರೆ ಅಲ್ಲಿ ಹಿಂದೆಯೇ ಸೋರಿಕೆ ಆರಂಭವಾಗಿದೆ. ಬಿಸಿ ಲೋಹದ ಮೇಲೆ ಬಿದ್ದ ನೀರು ಆರಿಹೋಗಿ ಗುರುತು ಮಾತ್ರ ಉಳಿದಿದೆ.

ಗ್ಯಾಸ್ಕೆಟ್ ಹೋದುದನ್ನು ಕಣ್ಣು ಮೂರು ಕಡೆ ಹುಡುಕುತ್ತದೆ. ಎಂಜಿನ್ ಚೆನ್ನಾಗಿ ಕಾದ ಮೇಲೂ ಸೈಲೆನ್ಸರಿನಿಂದ ದಟ್ಟವಾದ ಬಿಳಿ ಹೊಗೆ ನಿಲ್ಲದೆ ಬರುವುದು ಒಂದು. ಎಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗುವುದು ಇನ್ನೊಂದು. ತಣ್ಣಗಿದ್ದಾಗ ಮುಚ್ಚಳ ತೆಗೆದು ಎಂಜಿನ್ ಹಚ್ಚಿದರೆ ರೇಡಿಯೇಟರಿನ ಬಾಯಲ್ಲಿ ಗುಳ್ಳೆಗಳು ಬಿಡುವಿಲ್ಲದೆ ಏಳುವುದು ಮತ್ತೊಂದು. ಚಳಿಯ ಮುಂಜಾನೆಯಲ್ಲಿ ಕ್ಷಣಕಾಲ ಕಾಣುವ ಬಿಳಿ ಆವಿಯನ್ನು ಇದರೊಡನೆ ಗೊಂದಲ ಮಾಡಿಕೊಳ್ಳಬಾರದು ಎಂಬ ಎಚ್ಚರವೂ ಈ ಪರಂಪರೆಯಲ್ಲಿದೆ.

ಮೂಗಿಗೆ ತಟ್ಟುವ ಸಿಹಿವಾಸನೆ ಕೂಲೆಂಟ್ ಸೋರಿಕೆಯ ಗುರುತು. ಆದರೆ ಕೆಳಗೆ ಬಿದ್ದ ದ್ರವ ನೀರೋ ಎಣ್ಣೆಯೋ ಕೂಲೆಂಟೋ ಎಂದು ತಿಳಿಯಲು ನಾಲಗೆಗೆ ತಾಗಿಸಿ ನೋಡುವ ಅಭ್ಯಾಸವನ್ನು ಕೈಬಿಡಲೇಬೇಕು. ಬರಿಯ ನೀರನ್ನು ತುಂಬುತ್ತಿದ್ದ ಕಾಲದಲ್ಲಿ ಅದು ನಿರಪಾಯಕಾರಿಯಾಗಿದ್ದಿರಬಹುದು. ಇಂದಿನ ಬಹುಪಾಲು ಕೂಲೆಂಟುಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ. ಮೂತ್ರಪಿಂಡಗಳಿಗೆ ಮಾರಕವಾದ ಈ ದ್ರವವನ್ನು ಗ್ಯಾರೇಜಿನ ಮುಂದೆ ಚೆಲ್ಲಿದರೆ ಅದನ್ನು ನೆಕ್ಕುವ ನಾಯಿ, ಬೆಕ್ಕುಗಳು ಸಾಯುತ್ತವೆ. ಮಕ್ಕಳಿಗೂ ಅಪಾಯ ತಪ್ಪಿದ್ದಲ್ಲ.

ದಾರಿಯ ನಡುವಿನ ಉಪಚಾರ

ದಾರಿಯ ನಡುವೆ ಕಾವು ಏರಿದಾಗ ಏನು ಮಾಡಬೇಕೆಂಬ ಬಗ್ಗೆ ಚಾಲಕರಲ್ಲಿ ಪರಸ್ಪರ ವಿರುದ್ಧವಾಗಿ ತೋರುವ ಎರಡು ವಿಧಿಗಳಿವೆ. ‘ತಕ್ಷಣ ಆಫ್ ಮಾಡು’ ಎಂಬುದು ಒಂದು. ‘ಆಫ್ ಮಾಡಬೇಡ, ಸ್ವಲ್ಪ ಹೊತ್ತು ಹಾಗೇ ಓಡಲಿ’ ಎಂಬುದು ಇನ್ನೊಂದು. ಎರಡಕ್ಕೂ ಆಧಾರವಿದೆ. ಎಂಜಿನ್ ನಿಂತೊಡನೆ ಪಂಪೂ ನಿಲ್ಲುವುದರಿಂದ ಲೋಹದಲ್ಲಿ ತುಂಬಿದ ಶಾಖಕ್ಕೆ ಹೊರದಾರಿಯಿಲ್ಲದೆ ಕೆಲಕಾಲ ಕಾವು ಇನ್ನೂ ಏರುತ್ತದೆ. ಆದುದರಿಂದ ಮುಳ್ಳು ಸ್ವಲ್ಪ ಮೇಲೇರಿದ್ದು, ನೀರು ಸಾಕಷ್ಟಿದ್ದು, ಫ್ಯಾನು ತಿರುಗುತ್ತಿದ್ದರೆ ವಾಹನವನ್ನು ಬದಿಗೆ ನಿಲ್ಲಿಸಿ ಎಂಜಿನ್ನನ್ನು ಹೊರೆಯಿಲ್ಲದೆ ತುಸು ಹೊತ್ತು ಓಡಿಸುವುದು ಉಪಯುಕ್ತ. ಆದರೆ ಆವಿ ಏಳುತ್ತಿದ್ದರೆ, ಹೋಸ್ ಒಡೆದಿದ್ದರೆ, ಬೆಲ್ಟು ತುಂಡಾಗಿದ್ದರೆ ಅಥವಾ ಕೆಂಪು ದೀಪ ಹತ್ತಿದ್ದರೆ ಪಂಪಿಗೆ ತಳ್ಳಲು ನೀರಿಲ್ಲ, ಇಲ್ಲವೇ ಪಂಪೇ ತಿರುಗುತ್ತಿಲ್ಲ. ಆಗ ಓಡಿಸುವ ಪ್ರತಿ ನಿಮಿಷವೂ ನಷ್ಟವೇ. ತಕ್ಷಣ ಆಫ್ ಮಾಡಬೇಕು. ನೀರು ಸುತ್ತುತ್ತಿದೆಯೇ ಇಲ್ಲವೇ ಎಂಬುದೇ ಎರಡು ವಿಧಿಗಳ ನಡುವಿನ ಗೆರೆ.

ಮುಳ್ಳಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೇಲೇರಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗಿಳಿದರೆ ಅದನ್ನು ಚೇತರಿಕೆಯೆಂದು ತಿಳಿಯಲಾಗದು. ತಾಪವನ್ನು ಅಳೆಯುವ ಸೆನ್ಸರು ದ್ರವದಲ್ಲಿ ಮುಳುಗಿರಬೇಕು. ನೀರೆಲ್ಲ ಸೋರಿಹೋಗಿ ಅದು ಬರಿಗಾಳಿಯಲ್ಲಿ ಉಳಿದಾಗ ಎಂಜಿನ್ ಸುಡುತ್ತಿದ್ದರೂ ಮುಳ್ಳು ಸುಳ್ಳು ಹೇಳಬಹುದು. ಎಂಜಿನ್ ಹಾಳಾಗುವ ಮುನ್ನದ ಕೊನೆಯ ಎಚ್ಚರಿಕೆಯನ್ನು ಶುಭಸೂಚನೆಯೆಂದು ಓದಿಕೊಳ್ಳುವ ಅಪಾಯ ಇಲ್ಲಿದೆ.

ಏರಿನಲ್ಲಿ ನಿಲ್ಲಲು ಜಾಗವಿಲ್ಲದಿದ್ದಾಗ ಎ.ಸಿ.ಯನ್ನು ನಿಲ್ಲಿಸಿ, ಕಿಟಕಿ ತೆರೆದು, ಹೀಟರನ್ನು ಪೂರ್ತಿ ಹಾಕುವ ಉಪಾಯವಿದೆ. ಸೆಖೆಯಲ್ಲಿ ಬಿಸಿಗಾಳಿಯನ್ನು ಮೈಮೇಲೆ ಬಿಟ್ಟುಕೊಳ್ಳುವುದು ವಿಪರೀತವೆನಿಸಿದರೂ ಇದು ಶಾಸ್ತ್ರಸಮ್ಮತವೇ. ಹೀಟರೆಂದರೆ ಅದೇ ಬಿಸಿನೀರು ಹರಿಯುವ ಇನ್ನೊಂದು ಪುಟ್ಟ ರೇಡಿಯೇಟರು. ಸುರಕ್ಷಿತ ಜಾಗ ಸಿಗುವವರೆಗೆ ಅದು ಎಂಜಿನ್ನಿನ ಹೊರೆಯನ್ನು ಸ್ವಲ್ಪ ಇಳಿಸುತ್ತದೆ.

ನಿಲ್ಲಿಸಿದ ಮೇಲಿನ ವಿಧಿಗಳಲ್ಲಿ ಮೊದಲನೆಯದು ಕಾಯುವುದು. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಬಿಸಿಯಿರುವಾಗ ಮುಚ್ಚಳವನ್ನು ತಿರುಗಿಸಿದರೆ ಒತ್ತಡ ಒಮ್ಮೆಲೇ ಬಿದ್ದುಹೋಗಿ, 100 ಡಿಗ್ರಿ ದಾಟಿದ್ದರೂ ಕುದಿಯದೆ ಕುಳಿತಿದ್ದ ನೀರಿನ ಒಂದಂಶ ಕ್ಷಣಾರ್ಧದಲ್ಲಿ ಆವಿಯಾಗಿ, ಉಳಿದ ಬಿಸಿನೀರನ್ನು ಎತ್ತಿ ಮುಖಕ್ಕೆ ಎರಚುತ್ತದೆ. ಕೈಗೆ ಸುತ್ತಿದ ಬಟ್ಟೆ ಬೆರಳನ್ನು ಕಾಪಾಡಬಹುದೇ ಹೊರತು ಕಣ್ಣನ್ನಲ್ಲ. ಕನಿಷ್ಠ ಅರ್ಧ ಗಂಟೆ ಕಳೆದು, ಮೇಲಿನ ಹೋಸನ್ನು ಹಿಸುಕಿದಾಗ ಅದು ಬಿಗಿಯಾಗಿರದೆ ಮೆತ್ತಗಿದ್ದರೆ ಮಾತ್ರ ಮುಚ್ಚಳವನ್ನು ಮುಟ್ಟಬೇಕು. ವಿದ್ಯುತ್ ಫ್ಯಾನುಳ್ಳ ಕೆಲವು ವಾಹನಗಳಲ್ಲಿ ಕೀಲಿ ತೆಗೆದ ಮೇಲೂ ಫ್ಯಾನು ತಾನಾಗಿ ತಿರುಗಬಹುದಾದ್ದರಿಂದ ಅದರ ಸಮೀಪ ಬೆರಳು ಒಯ್ಯಬಾರದು. ಕಾದು ಕೆಂಡವಾದ ಎಂಜಿನ್ನಿಗೆ ತಣ್ಣೀರು ಸುರಿದರೆ, ಬಿಸಿ ಬಾಣಲೆಗೆ ನೀರು ಚಿಮುಕಿಸಿದಂತೆ ಲೋಹ ಒಮ್ಮೆಲೇ ಕುಗ್ಗಿ ಹೆಡ್ಡು ಬಿರಿಯಬಹುದು. ಎಂಜಿನ್ ಆರಿದ ಮೇಲೆ ಸ್ವಲ್ಪಸ್ವಲ್ಪವಾಗಿ ನೀರು ಹಾಕುವ ಹಳೆಯ ಕ್ರಮವೇ ಸರಿಯಾದುದು.

ಘಾಟಿಯ ದಾರಿಯಲ್ಲಿ ದೈವ-ದೇವರ ಗುಡಿಗಳ ಮುಂದೆ ವಾಹನ ನಿಲ್ಲಿಸಿ ಕಾಣಿಕೆ ಹಾಕಿ ಮುಂದುವರಿಯುವ ರೂಢಿ ವ್ಯಾಪಕವಾಗಿದೆ. ಆ ನಿಲುಗಡೆಯಲ್ಲಿ ಎಂಜಿನ್ನಿಗೂ ವಿಶ್ರಾಂತಿ ದೊರೆಯುತ್ತದೆ ಎಂಬುದು ನಿಜ. ಆದರೆ ಎಂಜಿನ್ ತಣಿಸಲೆಂದೇ ಈ ಆಚರಣೆ ಹುಟ್ಟಿತೆಂದು ವ್ಯಾಖ್ಯಾನಿಸುವುದು ಭಕ್ತಿಯನ್ನೂ ಯಂತ್ರವನ್ನೂ ಸರಳೀಕರಿಸಿದಂತಾಗುತ್ತದೆ. ಮೋಟಾರು ಬರುವುದಕ್ಕೆ ಮೊದಲೇ ಗಾಡಿಯವರೂ ಹೇರೆತ್ತಿನವರೂ ಏರಿನ ದಾರಿಗಳಲ್ಲಿ ತಂಗುತ್ತಿದ್ದರು.

ಅರಿಶಿನ, ಹಂಡೆ, ಬೇಳೆ: ಮನೆಯ ಜ್ಞಾನ ರಸ್ತೆಗೆ

ಸೋರುವ ರೇಡಿಯೇಟರಿಗೆ ಅರಿಶಿನದ ಪುಡಿ ಹಾಕುವುದು ಭಾರತದಾದ್ಯಂತ ಚಾಲಕರಿಗೆ ಪರಿಚಿತವಾದ ಉಪಾಯ. ನೀರಿನಲ್ಲಿ ತೇಲುವ ನುಣುಪು ಪುಡಿ ಸೂಜಿಮೊನೆಯಷ್ಟು ರಂಧ್ರದ ಕಡೆ ಸೆಳೆಯಲ್ಪಟ್ಟು, ಅಲ್ಲಿ ಉಬ್ಬಿ ತುಂಬಿಕೊಂಡು ಸೋರಿಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತದೆ. ಕೈ ಕೊಯ್ದುಕೊಂಡಾಗ ಅರಿಶಿನ ಒತ್ತುವ ಮನೆಮದ್ದಿಗೂ ಇದಕ್ಕೂ ಇರುವ ಸಾದೃಶ್ಯವನ್ನು ಗಮನಿಸಬೇಕು. ಗಾಯಕ್ಕೆ ಅರಿಶಿನ ಎಂಬ ಕಲ್ಪನೆಯೇ ಯಂತ್ರದ ಗಾಯಕ್ಕೂ ದಾಟಿಬಂದಿರುವುದು ಅಸಂಭವವೇನಲ್ಲ. ‘ನೀರು ಕುಡಿಯುತ್ತದೆ’, ‘ಉಸಿರು ಕಟ್ಟಿದೆ’ ಮುಂತಾದ ಮಾತುಗಳಲ್ಲಿ ವಾಹನವನ್ನು ಜೀವಿಯಾಗಿ ಕಾಣುವ ದೃಷ್ಟಿಯೇ ಇದರ ಹಿಂದೆಯೂ ಇದೆ.

ಆದರೆ ಅರಿಶಿನಕ್ಕೆ ರಂಧ್ರ ಯಾವುದು, ಕೊಳವೆ ಯಾವುದು ಎಂಬ ಭೇದ ತಿಳಿಯದು. ಅಗಲವಾದ ಕೊಳವೆಗಳಿದ್ದ ಹಿತ್ತಾಳೆ-ತಾಮ್ರದ ಹಳೆಯ ರೇಡಿಯೇಟರು ಅದನ್ನು ಸಹಿಸಿಕೊಳ್ಳುತ್ತಿತ್ತು. ಊರು ಮುಟ್ಟಿದ ಮೇಲೆ ಬೆಸುಗೆ ಹಾಕಿಸಿ, ಒಳಗನ್ನು ತೊಳೆಸಿ ಸರಿಪಡಿಸಿಕೊಳ್ಳುವುದೂ ಸಾಧ್ಯವಿತ್ತು. ಇಂದಿನ ಅಲ್ಯೂಮಿನಿಯಂ ರೇಡಿಯೇಟರಿನ, ಅದಕ್ಕಿಂತಲೂ ಹೀಟರಿನ ಕಿರಿದಾದ ದಾರಿಗಳಲ್ಲಿ ಅದೇ ಪುಡಿ ಗಸಿಯಾಗಿ ಕುಳಿತು ಮುಂದಿನ ಕಾವಿಗೆ ಕಾರಣವಾಗುತ್ತದೆ. ಜನವಸತಿಯಿಲ್ಲದ ಕಾಡಿನ ನಡುವೆ ಊರು ಸೇರಲು ಅದೊಂದು ಉಪಾಯ. ಊರು ಸೇರಿದ ಮೇಲೆ ಅದು ಉಪಾಯವಲ್ಲ.

ನೀರಿನ ಆಯ್ಕೆಯಲ್ಲಿಯೂ ಮನೆಯ ಜ್ಞಾನ ಕೆಲಸಮಾಡುತ್ತದೆ. ಬೇಳೆ ಬೇಯದ, ಸೋಪು ನೊರೆ ಬಾರದ ನೀರು ಗಡಸುನೀರು ಎಂಬುದು ಬಯಲುಸೀಮೆಯ ಮನೆಮನೆಗೂ ಗೊತ್ತು. ಕೊಳವೆಬಾವಿಯ ಇಂಥ ನೀರು ಬಚ್ಚಲ ಹಂಡೆಯ ಒಳಮೈಗೆ ಬಿಳಿಯ ಸುಣ್ಣದ ಪದರ ಕಟ್ಟುವಂತೆ ಎಂಜಿನ್ನಿನ ಒಳಗೂ ಕಟ್ಟುತ್ತದೆ. ಆ ಪದರ ಲೋಹಕ್ಕಿಂತ ಬಹಳ ನಿಧಾನವಾಗಿ ಶಾಖವನ್ನು ದಾಟಿಸುವುದರಿಂದ ನೀರು ತುಂಬಿದ್ದರೂ ಎಂಜಿನ್ ಕಾಯುತ್ತದೆ. ಮಳೆನೀರು ಹಿಡಿದಿಟ್ಟು ರೇಡಿಯೇಟರಿಗೆ ಹಾಕುವುದರ ಹಿಂದಿನ ತರ್ಕ ಇದೇ. ಇಂದು ಬಟ್ಟಿಯಿಳಿಸಿದ ನೀರಿನೊಡನೆ ತಯಾರಕರು ಸೂಚಿಸಿದ ಕೂಲೆಂಟ್ ಬೆರೆಸುವುದು ಅದೇ ತರ್ಕದ ಮುಂದುವರಿಕೆ. ‘ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಏಕೆ?’ ಎಂಬ ಪ್ರಶ್ನೆ ಸಾಮಾನ್ಯ. ಹೆಪ್ಪುಗಟ್ಟದಂತೆ ತಡೆಯುವುದು ಅದರ ಒಂದು ಗುಣ ಮಾತ್ರ. ತುಕ್ಕು ತಡೆಯುವುದು, ಪಂಪಿನ ಸೀಲನ್ನು ಕಾಪಾಡುವುದು, ಕುದಿಬಿಂದುವನ್ನು ಏರಿಸುವುದು ಇವು ಉಷ್ಣದೇಶಕ್ಕೂ ಬೇಕಾದ ಗುಣಗಳು.

ಕಾಲ ಮುಗಿಸಿದ ವಿಧಿಗಳು

1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಡರ್ ಕಾರು ಈ ವೃತ್ತಿಯ ಪಾಠಶಾಲೆಯೇ ಆಗಿತ್ತೆನ್ನಬಹುದು. ಅದರ ಹಳೆಯ 1489 ಸಿ.ಸಿ. ಎಂಜಿನ್ನಿನ ಬ್ಲಾಕೂ ಹೆಡ್ಡೂ ಎರಕದ ಕಬ್ಬಿಣದವು. ತುಸು ಹೆಚ್ಚು ಕಾದರೂ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತಿದ್ದವು. ಒಮ್ಮೆ ಕುದಿಸಿ, ತಣಿಸಿ, ನೀರು ಹಾಕಿ ಮುಂದೆ ಸಾಗುವುದು ಆ ಎಂಜಿನ್ನಿಗೆ ದೊಡ್ಡ ಅಪರಾಧವಾಗಿರಲಿಲ್ಲ. ಈಗಿನ ಕಾರುಗಳಲ್ಲಿ ಹೆಡ್ಡು ಅಲ್ಯೂಮಿನಿಯಂನದು. ಅದು ಎರಕದ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಒಂದೇ ಒಂದು ಸಲ ಮಿತಿಮೀರಿ ಕಾದರೂ ‘ಹೆಡ್ ಬೆಂಡ್’ ಆಗಿ ಗ್ಯಾಸ್ಕೆಟ್ ಹೋಗಬಹುದು. ‘ಇನ್ನು ಎರಡು ಕಿಲೋಮೀಟರು, ಊರು ಬಂತು’ ಎಂಬ ಹಳೆಯ ಧೈರ್ಯಕ್ಕೆ ಈಗಿನ ಎಂಜಿನ್ನಿನಲ್ಲಿ ಜಾಗವಿಲ್ಲ.

ಇಂಥ ವಿಧಿಗಳಲ್ಲಿ ಅತ್ಯಂತ ದೀರ್ಘಾಯುಷಿಯಾದುದು ಥರ್ಮೋಸ್ಟಾಟನ್ನು ಕಿತ್ತೆಸೆಯುವುದು. ‘ಅದು ಚಳಿದೇಶದವರಿಗೆ, ನಮಗೆ ಬೇಡ’ ಎಂಬ ಸಮರ್ಥನೆ ಇದರ ಜೊತೆಗೇ ಬರುತ್ತದೆ. ಸಿಕ್ಕಿಕೊಂಡ ಕವಾಟವನ್ನು ದಾರಿಯ ನಡುವೆ ತೆಗೆದು ಊರು ಸೇರುವುದು ಜಾಣತನವೇ. ಅದನ್ನೇ ಶಾಶ್ವತ ಚಿಕಿತ್ಸೆಯಾಗಿಸಿದಾಗ ಎಂಜಿನ್ ಹದವಾದ ಕಾವಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ಇಂಧನ ಹೆಚ್ಚು ಸುಡುತ್ತದೆ, ಸವೆತ ಹೆಚ್ಚುತ್ತದೆ. ಇಷ್ಟೇ ಅಲ್ಲ, ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟಾಟ್ ರೇಡಿಯೇಟರಿನ ದಾರಿಯನ್ನು ತೆರೆಯುವಾಗ ಒಳಸುತ್ತಿನ ಅಡ್ಡದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದುಬಿಟ್ಟರೆ ಅಡ್ಡದಾರಿ ಸದಾ ತೆರೆದಿದ್ದು, ಬಿಸಿನೀರಿನ ಒಂದು ಪಾಲು ತಣಿಯದೆಯೇ ಹಿಂದಿರುಗುತ್ತದೆ. ಕಾವು ಇಳಿಸಲೆಂದು ಮಾಡಿದ ಚಿಕಿತ್ಸೆ ಏರಿನ ದಾರಿಯಲ್ಲಿ ಕಾವನ್ನೇ ಏರಿಸುತ್ತದೆ. ಫ್ಯಾನನ್ನು ‘ಡೈರೆಕ್ಟ್’ ಮಾಡುವುದು, ಎಂದರೆ ಕೀಲಿ ತಿರುಗಿಸಿದೊಡನೆ ಸದಾ ತಿರುಗುವಂತೆ ತಂತಿ ಜೋಡಿಸುವುದು ಇದೇ ಗುಂಪಿಗೆ ಸೇರುತ್ತದೆ. ಆ ದಿನದ ಪ್ರಯಾಣವನ್ನು ಅದು ಉಳಿಸುತ್ತದೆ. ಕೆಟ್ಟ ಸ್ವಿಚ್ಚನ್ನೂ ಕಟ್ಟಿಕೊಂಡ ರೇಡಿಯೇಟರನ್ನೂ ಮರೆಮಾಡುತ್ತದೆ.

ವಿಧಿ ತಪ್ಪೆಂಬುದಕ್ಕಿಂತ, ವಿಧಿಯೊಡನೆ ಅದರ ಕಾರಣ ಪ್ರಯಾಣ ಮಾಡಲಿಲ್ಲ ಎಂಬುದು ಇಲ್ಲಿನ ಮುಖ್ಯ ಸಂಗತಿ. ಯಾವ ಗಾಡಿಗೆ, ಯಾವ ಸಂದರ್ಭಕ್ಕೆ, ಎಷ್ಟು ದೂರಕ್ಕೆ ಎಂಬ ಮಿತಿಗಳು ಮೊದಲು ಕಂಡುಕೊಂಡವನಿಗೆ ಗೊತ್ತಿದ್ದವು. ನೋಡಿ ಕಲಿತವನಿಗೆ ಕ್ರಿಯೆ ದಕ್ಕಿತು, ಮಿತಿ ದಕ್ಕಲಿಲ್ಲ.

ಪರಂಪರೆಯ ಕವಲು

ಉಸ್ತಾದನ ಬಳಿ ಎಳವೆಯಲ್ಲೇ ಸೇರಿ, ಸ್ಪ್ಯಾನರ್ ಎತ್ತಿಕೊಡುತ್ತ ಕಲಿಯುವುದು ಈ ವಿದ್ಯೆಯ ಹಳೆಯ ದಾರಿ. ಅದರಲ್ಲಿ ಕಲಿಕೆಯಷ್ಟೇ ಶೋಷಣೆಯೂ ಸುಟ್ಟ ಕೈಗಳೂ ಇದ್ದವು. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಂದ ತಿದ್ದುಪಡಿ 14 ವರ್ಷದೊಳಗಿನ ಮಕ್ಕಳನ್ನು ಎಲ್ಲ ಉದ್ಯೋಗಗಳಿಂದ ದೂರವಿಟ್ಟಿರುವುದು ಯುಕ್ತವೇ ಆಗಿದೆ. ಇನ್ನೊಂದು ಕಡೆ ಕಂಪ್ಯೂಟರ್ ಅಳವಡಿಸಿದ ವಾಹನಗಳಲ್ಲಿ ದೋಷವನ್ನು ಸ್ಕ್ಯಾನರ್ ಓದುತ್ತದೆ; 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಜಾರಿಯಾದ ಬಿ.ಎಸ್. 6 ಮಾನದಂಡದ ನಂತರ ಈ ಅವಲಂಬನೆ ಇನ್ನೂ ಹೆಚ್ಚಿದೆ. ಆದರೆ ಸ್ಕ್ಯಾನರ್ ‘ತಾಪ ಮಿತಿಮೀರಿದೆ’ ಎನ್ನಬಲ್ಲುದೇ ಹೊರತು ರೇಡಿಯೇಟರಿನ ಮುಂದೆ ಹೊಟ್ಟು ತುಂಬಿದೆ, ಮುಚ್ಚಳದ ರಬ್ಬರು ಸೀಳಿದೆ ಎಂದು ಹೇಳಲಾರದು. ಕೋಡಿನಿಂದ ಕಾರಣದವರೆಗಿನ ದಾರಿಯನ್ನು ಇಂದಿಗೂ ಕಣ್ಣು, ಕೈ, ಮೂಗುಗಳೇ ನಡೆಯಬೇಕು. ವಿದ್ಯುತ್ ವಾಹನಗಳಲ್ಲಿಯೂ ಅನೇಕ ಮಾದರಿಗಳ ಬ್ಯಾಟರಿಯನ್ನು ದ್ರವವೇ ತಣಿಸುವುದರಿಂದ ಸೋರಿಕೆ, ಪಂಪು, ಗಾಳಿಗಳ ಪ್ರಶ್ನೆ ಅಲ್ಲಿಗೂ ಮುಂದುವರಿಯುತ್ತದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕಾವೇರಿದ ಎಂಜಿನ್ನಿನ ನಿದಾನಕ್ಕೆ ಚಾಲಕರು ಮತ್ತು ಮೆಕ್ಯಾನಿಕ್‌ಗಳ ಸಮುದಾಯ ರೂಪಿಸಿಕೊಂಡ ಕ್ರಮ ಅಡ್ಡಾದಿಡ್ಡಿಯಾದುದಲ್ಲ. ಹೊತ್ತು, ಜಾಗ, ಲಕ್ಷಣಗಳನ್ನು ಆಧರಿಸಿದ ವ್ಯವಸ್ಥಿತ ಶಾಸ್ತ್ರವದು. ಅದರ ನಿದಾನಭಾಗ ಇಂದಿಗೂ ಬಹುಮಟ್ಟಿಗೆ ಸಿಂಧುವಾಗಿದೆ. ಚಿಕಿತ್ಸಾಭಾಗದಲ್ಲಿ ಮಾತ್ರ ಲೋಹವೂ ರಚನೆಯೂ ಬದಲಾದ ಕಾರಣ ಪುನರ್ವಿಮರ್ಶೆ ಅಗತ್ಯವಾಗಿದೆ. ಎಲ್ಲವನ್ನೂ ದೇಸಿ ಜಾಣ್ಮೆಯೆಂದು ಕೊಂಡಾಡುವುದರಿಂದಾಗಲಿ, ಎಲ್ಲವನ್ನೂ ಅಜ್ಞಾನವೆಂದು ತಳ್ಳಿಹಾಕುವುದರಿಂದಾಗಲಿ ಪ್ರಯೋಜನವಿಲ್ಲ. ಮೊದಲನೆಯದು ಎಂಜಿನ್ನನ್ನೂ ಕೆಲವೊಮ್ಮೆ ಮನುಷ್ಯನ ಮುಖವನ್ನೂ ಸುಡುತ್ತದೆ. ಎರಡನೆಯದು ತಲೆಮಾರುಗಳ ಅನುಭವವನ್ನು ಕಸದ ಬುಟ್ಟಿಗೆ ಹಾಕುತ್ತದೆ.

ಆದುದರಿಂದ ವೃತ್ತಿ ಜಾನಪದದ ಸಂಗ್ರಾಹಕರು ಪದ ಮತ್ತು ವಿಧಿಗಳನ್ನು ಮಾತ್ರ ಬರೆದುಕೊಂಡು ತೃಪ್ತರಾಗಬಾರದು. ಪ್ರತಿ ವಿಧಿಯ ಎದುರಿಗೆ ಅದು ಯಾವ ವಾಹನದ ಮೇಲೆ ಹುಟ್ಟಿತು, ಅದರ ಕಾರಣವೇನು, ಅದು ಊರು ಸೇರುವವರೆಗಿನ ಉಪಾಯವೋ ಶಾಶ್ವತ ಪರಿಹಾರವೋ, ಯಾವಾಗ ಅದನ್ನು ಬಿಡಬೇಕು ಎಂಬ ನಾಲ್ಕು ಸಂಗತಿಗಳನ್ನೂ ದಾಖಲಿಸಬೇಕು. ಇದಕ್ಕೆ ಜಾನಪದ ವಿದ್ವಾಂಸರೂ ಐ.ಟಿ.ಐ. ಬೋಧಕರೂ ಹಿರಿಯ ಮೆಕ್ಯಾನಿಕ್‌ಗಳೂ ಒಟ್ಟಿಗೆ ಕುಳಿತುಕೊಳ್ಳಬೇಕಾಗುತ್ತದೆ. ಅಂಬಾಸಡರಿನ ಬಾನೆಟ್ಟಿನಡಿ ಕಲಿತ ತಲೆಮಾರು ಈಗ ವೃದ್ಧಾಪ್ಯದಲ್ಲಿದೆ. ವಿಧಿಗಳ ಕಾರಣವನ್ನು ಬಲ್ಲವರು ಅವರೇ. ಅವರನ್ನು ಕೇಳದೆ ಉಳಿದರೆ ಥರ್ಮೋಸ್ಟಾಟ್ ಕೀಳುವ ಕೈಗಳು ಉಳಿಯುತ್ತವೆ, ಅದನ್ನು ಯಾವಾಗ ಕೀಳಬಾರದೆಂದು ಹೇಳುವ ಬಾಯಿಗಳು ಉಳಿಯುವುದಿಲ್ಲ.